ಆಪ್ಷನ್ಸ್ ಟ್ರೇಡಿಂಗ್ ಕಲಿಯುವವರಿಗೆ: ಮೊದಲು ನಷ್ಟದ ಲೆಕ್ಕ, ಆಮೇಲೆ ಸ್ಟ್ರಾಟಜಿ

ಕುವೆಂಪುನಗರದ ಕಾಫಿ ಅಂಗಡಿಯಲ್ಲಿ ಮಾತು ಬಂದರೂ, ಮಂಡ್ಯದ ಕಾಲೇಜು ಹುಡುಗರು ಸಿಕ್ಕರೂ ಆಪ್ಷನ್ಸ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಒಂದೇ. "ಸರ್, ಯಾವ ಸ್ಟ್ರಾಟಜಿ ಚೆನ್ನಾಗಿ ವರ್ಕ್ ಆಗುತ್ತೆ?" ಅಲ್ಲಿಂದ ಶುರು ಮಾಡಿದವರೇ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಸ್ಟ್ರಾಟಜಿ ಹೆಸರು ಕಲಿಯುತ್ತಾರೆ, ವಿಡಿಯೋ ನೋಡುತ್ತಾರೆ, ಮಂಗಳವಾರ ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್ ಅವಧಿ ಮುಗಿಯುವ ದಿನ, 10 ರೂಪಾಯಿಯ ಆಪ್ಷನ್ ಕೊಳ್ಳುತ್ತಾರೆ, ಮಧ್ಯಾಹ್ನ ಮೂರೂವರೆಗೆ ಅದು ಸೊನ್ನೆಯಾಗಿರುತ್ತದೆ. ಮುಂದಿನ ವಾರ ಮತ್ತೆ ಅದೇ.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಬಿಡಿ ಹೂಡಿಕೆದಾರರಲ್ಲಿ ಶೇ. 93ರಷ್ಟು ಜನಕ್ಕೆ ನಷ್ಟವಾಗಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2024-25ರಲ್ಲೂ ಈ ಪ್ರಮಾಣ ಶೇ. 91ರಷ್ಟಿತ್ತು. ಹಾಗಾಗಿ ಈ ಬರಹದಲ್ಲಿ ಕ್ರಮ ಬೇರೆ. ನಷ್ಟದ ಲೆಕ್ಕ ಮೊದಲು, ಸ್ಟ್ರಾಟಜಿ ಕೊನೆಗೆ. ದಯವಿಟ್ಟು ಹಂತ ಹಾರಿಸಬೇಡಿ.

## ಹಂತ 1: ಯಾವ ದುಡ್ಡು ಎಂದು ತೀರ್ಮಾನಿಸಿ

ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇದೆಯಾ? ಆರೋಗ್ಯ ವಿಮೆ ಇದೆಯಾ? ಕೈಸಾಲ ಇಲ್ಲವಾ? ಮೂರಕ್ಕೂ ಹೌದು ಎಂದಾದರೆ ಮಾತ್ರ ಮುಂದಕ್ಕೆ ಹೋಗಿ.

ಒಡವೆ ಅಡವಿಟ್ಟ ದುಡ್ಡು, ಚೀಟಿ ಎತ್ತಿದ ದುಡ್ಡು, ಕಬ್ಬಿನ ಬಿಲ್ಲು ಬಂದ ಖುಷಿಯಲ್ಲಿ ಖಾತೆಗೆ ಹಾಕಿದ ದುಡ್ಡು, ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿ, ಇವು ಯಾವುವೂ ಇಲ್ಲಿಗೆ ಬರಬಾರದು. ಈ ದುಡ್ಡಿಗೆಲ್ಲ ಬೇರೆ ಕೆಲಸ ಕಾದಿರುತ್ತದೆ. ಅದು ವಾಪಸ್ ಬರಲೇಬೇಕು ಎಂಬ ಒತ್ತಡ ಇದ್ದಾಗ ಮನುಷ್ಯ ನಷ್ಟದ ಟ್ರೇಡ್ ಬಿಟ್ಟು ಹೊರಬರುವುದಿಲ್ಲ, ಇನ್ನೂ ಒಂದಿಷ್ಟು ಹಾಕುತ್ತಾನೆ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಇನ್ನೊಂದು ಮಾತು. ನಡತೆ ನಿಯಮಗಳಲ್ಲಿ ಸಟ್ಟಾ ರೀತಿಯ ವ್ಯವಹಾರಕ್ಕೆ ನಿರ್ಬಂಧವಿದೆ. ಆಪ್ಷನ್ಸ್‌ಗೆ ಖಾತೆ ತೆರೆಯುವ ಮೊದಲೇ ನಿಮ್ಮ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

## ಹಂತ 2: ಆರು ಪದ, ಒಂದು ಲೆಕ್ಕ

ಕಾಲ್, ಪುಟ್, ಸ್ಟ್ರೈಕ್, ಪ್ರೀಮಿಯಂ, ಎಕ್ಸ್‌ಪೈರಿ, ಲಾಟ್. ಸದ್ಯಕ್ಕೆ ಇಷ್ಟು ಪದ ಸಾಕು.

ಬೋಗಾದಿ ಕಡೆ ಒಂದು ಸೈಟು 40 ಲಕ್ಷಕ್ಕೆ ಮಾತಾಯಿತು ಅಂದುಕೊಳ್ಳಿ. ಮೂರು ತಿಂಗಳೊಳಗೆ ಇದೇ ರೇಟಿಗೆ ಕೊಳ್ಳುವ ಹಕ್ಕಿಗಾಗಿ 50 ಸಾವಿರ ಟೋಕನ್ ಕೊಟ್ಟಿರಿ. ಕೊಳ್ಳದಿದ್ದರೆ ಟೋಕನ್ ವಾಪಸ್ ಇಲ್ಲ. ರೇಟು 45 ಲಕ್ಷಕ್ಕೆ ಏರಿದರೆ ಕೊಳ್ಳುತ್ತೀರಿ, 35ಕ್ಕೆ ಇಳಿದರೆ ಟೋಕನ್ ಬಿಟ್ಟು ಸುಮ್ಮನಾಗುತ್ತೀರಿ. ಕಾಲ್ ಆಪ್ಷನ್ ಕೊಳ್ಳುವುದು ಅಂದರೆ ಇದೇ. 40 ಲಕ್ಷ ಸ್ಟ್ರೈಕ್, 50 ಸಾವಿರ ಪ್ರೀಮಿಯಂ, ಮೂರು ತಿಂಗಳು ಎಕ್ಸ್‌ಪೈರಿ. ಟೋಕನ್ ತೆಗೆದುಕೊಂಡವರು ಆಪ್ಷನ್ ಮಾರಿದವರು. ಅವರಿಗೆ ಸಿಗುವುದು 50 ಸಾವಿರ ಅಷ್ಟೇ, ಆದರೆ ರೇಟು ಎಷ್ಟೇ ಏರಿದರೂ 40ಕ್ಕೇ ಕೊಡಬೇಕು. ಪುಟ್ ಅಂದರೆ ಇದರ ತಿರುವು: ನಿಗದಿ ಬೆಲೆಗೆ ಮಾರುವ ಹಕ್ಕು.

ಈಗ ಪೆನ್ನು ಹಿಡಿಯಿರಿ. ನಿಫ್ಟಿ, ಅಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, 25,000ದಲ್ಲಿದೆ ಎಂದು ಇಟ್ಟುಕೊಳ್ಳೋಣ, ಎಕ್ಸ್‌ಪೈರಿಗೆ ಸುಮಾರು ಒಂದು ವಾರ ಇದೆ. 25,000 ಸ್ಟ್ರೈಕ್‌ನ ಕಾಲ್ ಬೆಲೆ 150 ರೂಪಾಯಿ. ಲಾಟ್ 65, ಅಂದರೆ ಒಂದು ಸಲಕ್ಕೆ ಕನಿಷ್ಠ 65 ಕೊಳ್ಳಬೇಕು. ಕಟ್ಟಬೇಕಾದದ್ದು 9,750 ರೂಪಾಯಿ. ಎಕ್ಸ್‌ಪೈರಿಯ ಹೊತ್ತಿಗೆ ನಿಫ್ಟಿ 25,100ಕ್ಕೆ ಏರಿತು. ನೀವು ಹೇಳಿದ ದಿಕ್ಕು ಸರಿ. ಆದರೆ ಆಪ್ಷನ್ ಬೆಲೆ ಆಗ 100 ಮಾತ್ರ. ನಷ್ಟ 50 ಗುಣಿಸು 65, ಅಂದರೆ 3,250 ರೂಪಾಯಿ. ಮಾರ್ಕೆಟ್ ಏರಿದರೂ ನಷ್ಟ. 25,150 ದಾಟಿದ ಮೇಲಷ್ಟೇ ಲಾಭ.

ಈ ಲೆಕ್ಕ ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಅಭ್ಯಾಸ ಆಗುವವರೆಗೆ ಬೇರೆ ಬೇರೆ ಅಂಕಿ ಹಾಕಿ ಮಾಡಿ. ಲಾಟ್ ಗಾತ್ರ ಮಾತ್ರ ಪ್ರತಿಸಲ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ನಿಫ್ಟಿ ಲಾಟ್ 25 ಇತ್ತು, 2024ರ ಕೊನೆಗೆ 75 ಆಯಿತು, ಆಮೇಲೆ 65ಕ್ಕೆ ಬಂತು. ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕುವವರು ಇಲ್ಲಿಯೇ ಎಡವುತ್ತಾರೆ, ಯಾಕೆಂದರೆ 25ರ ಲಾಟ್‌ಗೆ ಹೇಳಿದ ನಷ್ಟ ಈಗ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಓದಲು ಏನು ಎಂದು ಕೇಳುವವರಿಗೆ: ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಈಕ್ವಿಟಿ ಡೆರಿವೇಟಿವ್ಸ್ ಪಠ್ಯಪುಸ್ತಕ, ಅಂದರೆ ಸೀರೀಸ್ 8. ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪರೀಕ್ಷೆ ಬರೆಯುವುದು ಕಡ್ಡಾಯವಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ಕೋರ್ಸಿಗೆ ಸೇರುವ ಮೊದಲು ಈ ಪುಸ್ತಕ ಮುಗಿಸಿ. ಅರ್ಧಕ್ಕಿಂತ ಜಾಸ್ತಿ ಕೋರ್ಸುಗಳಲ್ಲಿ ಇದಕ್ಕಿಂತ ಕಡಿಮೆ ವಿಷಯ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

## ಹಂತ 3: ಖಾತೆ ಮತ್ತು ಸಾಮಾನು

ಡಿಮ್ಯಾಟ್ ಖಾತೆ ಇದ್ದ ಮಾತ್ರಕ್ಕೆ ಆಪ್ಷನ್ಸ್ ಮಾಡಲು ಆಗುವುದಿಲ್ಲ. ಎಫ್ ಅಂಡ್ ಓ ಸೆಗ್ಮೆಂಟ್ (ಖಾತೆಯಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನ ವಿಭಾಗ) ಬೇರೆ ತೆರೆಸಬೇಕು, ಅದಕ್ಕೆ ಆದಾಯದ ದಾಖಲೆ ಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಫಾರಂ 16 ಅಥವಾ ಐಟಿ ರಿಟರ್ನ್‌ನಲ್ಲಿ ಒಂದು ಸಾಕು. ಖಾತೆ ನಿಮ್ಮ ಹೆಸರಲ್ಲೇ ಇರಲಿ, ಓಟಿಪಿ ನಿಮ್ಮ ಫೋನಿಗೇ ಬರಲಿ.

ಸಾಮಾನು ಅಂದರೆ ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಬ್ರೋಕರ್ ಆ್ಯಪ್‌ನಲ್ಲಿರುವ ಮಾರ್ಜಿನ್ (ಜಾಮೀನಾಗಿ ಇಡಬೇಕಾದ ದುಡ್ಡು) ಕ್ಯಾಲ್ಕುಲೇಟರ್, ಎನ್‌ಎಸ್‌ಇ ವೆಬ್‌ಸೈಟಿನ ಆಪ್ಷನ್ ಚೈನ್, ಅಂದರೆ ಎಲ್ಲ ಸ್ಟ್ರೈಕ್‌ಗಳ ಬೆಲೆ ಪಟ್ಟಿ. ಮೂರೂ ಪುಕ್ಕಟೆ. ನಾಲ್ಕು ಮಾನಿಟರ್ ಬೇಡ, ದುಡ್ಡು ಕೊಟ್ಟು ಕೊಳ್ಳುವ ಇಂಡಿಕೇಟರ್ ಬೇಡವೇ ಬೇಡ.

## ಹಂತ 4: ಆಪ್ಷನ್ ಚೈನ್ ಮುಂದೆ ಕೂರಿ, ಏನೂ ಕೊಳ್ಳಬೇಡಿ

ಈ ಹಂತವನ್ನು ಬಹಳ ಜನ ಬಿಡುತ್ತಾರೆ. ಬೇಜಾರಿನ ಕೆಲಸ, ನಿಜ. ಆದರೆ ಪುಸ್ತಕ ಹೇಳದ್ದನ್ನು ಇದು ಕಲಿಸುತ್ತದೆ.

ನಿಫ್ಟಿಯ ವಾರದ ಎಕ್ಸ್‌ಪೈರಿ ಈಗ ಮಂಗಳವಾರ. ಹಾಗಾಗಿ ಬುಧವಾರ ಶುರು ಮಾಡಿ. ನಿಫ್ಟಿ ಇರುವ ಮಟ್ಟಕ್ಕೆ ಹತ್ತಿರದ ಒಂದು ಸ್ಟ್ರೈಕ್, ಅಲ್ಲಿಂದ 300 ಪಾಯಿಂಟ್ ಮೇಲಿನ ಇನ್ನೊಂದು ಸ್ಟ್ರೈಕ್ ಆರಿಸಿ. ದಿನಾ ಬೆಳಗ್ಗೆ 10ಕ್ಕೆ, ಮಧ್ಯಾಹ್ನ 1ಕ್ಕೆ, 3.15ಕ್ಕೆ ನಾಲ್ಕು ಅಂಕಿ ಬರೆಯಿರಿ: ನಿಫ್ಟಿ ಎಷ್ಟು, ಎರಡು ಕಾಲ್‌ಗಳ ಬೆಲೆ ಎಷ್ಟು, ಇಂಡಿಯಾ ವಿಕ್ಸ್ (ಮಾರ್ಕೆಟ್ ಎಷ್ಟು ಏರಿಳಿಯಬಹುದು ಎಂಬ ನಿರೀಕ್ಷೆಯ ಸೂಚ್ಯಂಕ) ಎಷ್ಟು. ಆಫೀಸಿನಲ್ಲಿದ್ದರೆ 3.15ರದು ಮಾತ್ರ ಸಾಕು.

ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ.

ಒಂದು, ನಿಫ್ಟಿ ಅಲ್ಲಾಡದ ದಿನವೂ ಆಪ್ಷನ್ ಬೆಲೆ ಕರಗುತ್ತದೆ, ಕೊನೆಯ ಎರಡು ದಿನ ಇನ್ನೂ ಜೋರಾಗಿ ಕರಗುತ್ತದೆ. ಇದೇ ಥೀಟಾ.

ಎರಡು, ನಿಫ್ಟಿ 100 ಪಾಯಿಂಟ್ ಏರಿದಾಗ ಹತ್ತಿರದ ಸ್ಟ್ರೈಕ್ ಸುಮಾರು 50 ರೂಪಾಯಿ ಏರುತ್ತದೆ, ದೂರದ್ದು ಹತ್ತೋ ಹದಿನೈದೋ ಅಷ್ಟೇ. ಇದು ಡೆಲ್ಟಾ. "ಅಗ್ಗಕ್ಕೆ ಸಿಗ್ತಿದೆ" ಎಂದು 10 ರೂಪಾಯಿಯ ಆಪ್ಷನ್ ಕೊಳ್ಳುವವರು ತಿಳಿಯಬೇಕಾದದ್ದು ಇದನ್ನೇ. ಅದು ಅಗ್ಗ ಇರುವುದು ಲಾಭ ಆಗುವ ಸಾಧ್ಯತೆ ಕಡಿಮೆ ಇರುವುದರಿಂದ.

ಮೂರು, ಬಜೆಟ್, ಚುನಾವಣಾ ಫಲಿತಾಂಶದಂಥ ದೊಡ್ಡ ದಿನದ ಮೊದಲು ಪ್ರೀಮಿಯಂ ಊದಿಕೊಂಡಿರುತ್ತದೆ, ಸುದ್ದಿ ಬಂದ ಮೇಲೆ ಅದು ಇಳಿದುಬಿಡುತ್ತದೆ. ಚೈನ್‌ನಲ್ಲಿ ಐವಿ ಎಂಬ ಕಾಲಮ್ ಇದೆಯಲ್ಲ, ಇದನ್ನು ಹೇಳುವುದು ಅದೇ. ಊದಿದಾಗ ಕೊಂಡವರಿಗೆ ದಿಕ್ಕು ಸರಿಯಾದರೂ ಲಾಭ ಸಿಗದೇ ಹೋಗಬಹುದು.

ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಇರುವ ಅಂತರ ನೋಡುವುದನ್ನು ಇಲ್ಲೇ ರೂಢಿಸಿಕೊಳ್ಳಿ. ನಿಫ್ಟಿಯಲ್ಲಿ ಹತ್ತಿರದ ಸ್ಟ್ರೈಕ್‌ಗಳಿಗೆ ಇದು ಪೈಸೆಗಳಲ್ಲಿರುತ್ತದೆ. ಕಂಪನಿ ಷೇರಿನ ದೂರದ ಸ್ಟ್ರೈಕ್‌ಗಳಲ್ಲಿ ಎರಡು ಮೂರು ರೂಪಾಯಿ ಇರಬಹುದು. ಅಂಥ ಕಡೆ ಕೊಂಡ ಕ್ಷಣವೇ ನಷ್ಟ.

## ಹಂತ 5: ಕಾಗದದ ಮೇಲೆ ಟ್ರೇಡ್

ಎರಡು ತಿಂಗಳ ಎಕ್ಸ್‌ಪೈರಿ ಮುಗಿಯುವವರೆಗೆ ದುಡ್ಡು ಹಾಕದೆ ಮಾಡಿ. ಆದರೆ ಪ್ರಾಮಾಣಿಕವಾಗಿ ಮಾಡಿ. ಕೊಳ್ಳುವಾಗ ಮಾರುವವರು ಕೇಳುತ್ತಿರುವ ಹೆಚ್ಚಿನ ಬೆಲೆ ಬರೆಯಿರಿ, ಮಾರುವಾಗ ಕೊಳ್ಳುವವರು ಕೊಡುವ ಕಡಿಮೆ ಬೆಲೆ ಬರೆಯಿರಿ. ಖರ್ಚೂ ಸೇರಿಸಿ. ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಎಂದರೆ, ನಾಲ್ಕು ಆರ್ಡರಿನ ಒಂದು ಸ್ಪ್ರೆಡ್‌ಗೆ (ಒಂದು ಆಪ್ಷನ್ ಕೊಂಡು ಇನ್ನೊಂದು ಮಾರುವುದು, ವಿವರ ಹಂತ 7ರಲ್ಲಿ) 80, ಅದರ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 94 ರೂಪಾಯಿ. ಜೊತೆಗೆ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಡ್ಯೂಟಿ. ಎಸ್‌ಟಿಟಿ ದರವನ್ನು ಸರ್ಕಾರ ಬದಲಿಸುತ್ತಿರುತ್ತದೆ, 2024ರ ಅಕ್ಟೋಬರ್‌ನಲ್ಲಿ 0.0625ರಿಂದ ಶೇ. 0.1ಕ್ಕೆ ಏರಿಸಿತ್ತು. ಈಗಿನ ದರ ನೋಡಿಕೊಂಡು ಹಾಕಿ.

ಇಲ್ಲಿನ ಎಚ್ಚರಿಕೆ ಒಂದೇ: ನಷ್ಟವಾದ ಟ್ರೇಡನ್ನು "ಇದನ್ನು ನಿಜವಾಗಿ ಮಾಡುತ್ತಿರಲಿಲ್ಲ" ಎಂದು ಹೊಡೆದುಹಾಕಲು ಮನಸ್ಸಾಗುತ್ತದೆ. ಒಮ್ಮೆ ಹೊಡೆದುಹಾಕಿದರೂ ಇಡೀ ಲೆಕ್ಕ ಸುಳ್ಳಾಗುತ್ತದೆ.

## ಹಂತ 6: ಒಂದು ಟ್ರೇಡಿಗೆ ಎಷ್ಟು ಕಳೆದುಕೊಳ್ಳಬಹುದು

ಒಂದು ಟ್ರೇಡಿನಲ್ಲಿ ಒಟ್ಟು ಬಂಡವಾಳದ ಶೇ. 2ಕ್ಕಿಂತ ಜಾಸ್ತಿ ಹೋಗಬಾರದು. 2 ಲಕ್ಷ ಇಟ್ಟಿದ್ದರೆ 4,000 ರೂಪಾಯಿ. ಮೇಲೆ ಲೆಕ್ಕ ಹಾಕಿದ 9,750ರ ಕಾಲ್ ಈ ಮಿತಿಯಲ್ಲಿ ಬರುವುದೇ ಇಲ್ಲ, ನೋಡಿ. ಬಹಳ ಜನ 20 ಸಾವಿರ ಇಟ್ಟುಕೊಂಡು ಅದೇ ಕಾಲ್ ಕೊಳ್ಳುತ್ತಾರೆ, ಎರಡು ಸಲ ತಪ್ಪಿದರೆ ಖಾತೆ ಖಾಲಿ.

ಸೆಬಿ 2024ರ ಕೊನೆಯಲ್ಲಿ ಇಂಡೆಕ್ಸ್ ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿದ್ದರ ಅರ್ಥವೂ ಇದೇ. 25,000ದ ನಿಫ್ಟಿ, 65ರ ಲಾಟ್ ಅಂದರೆ 16.25 ಲಕ್ಷದ ವ್ಯವಹಾರ. ಕೈಯಿಂದ ಕೊಡುವುದು ಕೆಲವೇ ಸಾವಿರ ಇರಬಹುದು, ಆದರೆ ನೀವು ಹಿಡಿದಿರುವ ಗಾತ್ರ ಅಷ್ಟು ದೊಡ್ಡದು. ಬಂಡವಾಳ ಕಡಿಮೆ ಇದ್ದರೆ ಕಾಗದದ ಹಂತದಲ್ಲೇ ಇರಿ, ಅದರಿಂದ ಯಾವ ನಷ್ಟವೂ ಇಲ್ಲ.

## ಹಂತ 7: ಈಗ ಸ್ಟ್ರಾಟಜಿ, ಈ ಕ್ರಮದಲ್ಲಿ

ಮೊದಲು ಬುಲ್ ಕಾಲ್ ಸ್ಪ್ರೆಡ್. ಏರುತ್ತದೆ ಎಂದು ಅನಿಸಿದಾಗ. 25,000 ಕಾಲ್ 150ಕ್ಕೆ ಕೊಳ್ಳಿ, 25,200 ಕಾಲ್ 70ಕ್ಕೆ ಮಾರಿ. ನಿಮ್ಮ ಖರ್ಚು 80, ಗುಣಿಸು 65, ಅಂದರೆ 5,200. ಇದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಗರಿಷ್ಠ ಲಾಭ 120 ಗುಣಿಸು 65, ಅಂದರೆ 7,800. ಲಾಭ ಶುರುವಾಗುವುದು 25,080ರಿಂದ, ಬರೀ ಕಾಲ್ ಕೊಂಡಿದ್ದರೆ 25,150ರಿಂದ. ಲಾಭಕ್ಕೆ ಮಿತಿ ಬಂತು, ಆದರೆ ಸಮಯ ಕರಗುವ ಏಟು ಕಡಿಮೆಯಾಯಿತು.

2 ಲಕ್ಷದವರಿಗೆ 5,200 ಕೂಡ ಜಾಸ್ತಿ. 25,200ರ ಬದಲು 25,100 ಕಾಲ್ 105ಕ್ಕೆ ಮಾರಿದರೆ ಖರ್ಚು 45 ಗುಣಿಸು 65, ಅಂದರೆ 2,925. ಮಿತಿಯೊಳಗೆ ಬಂತು.

ಎರಡನೆಯದು ಬೇರ್ ಪುಟ್ ಸ್ಪ್ರೆಡ್. ಇಳಿಯುತ್ತದೆ ಎಂದಾಗ ಇದೇ ಲೆಕ್ಕ ಪುಟ್‌ಗಳಲ್ಲಿ. ಹೊಸದೇನೂ ಇಲ್ಲ.

ಮೂರನೆಯದು ಬುಲ್ ಪುಟ್ ಸ್ಪ್ರೆಡ್. ಬೀಳುವುದಿಲ್ಲ ಎಂದು ಅನಿಸಿದಾಗ. 24,800 ಪುಟ್ 80ಕ್ಕೆ ಮಾರಿ, 24,600 ಪುಟ್ 40ಕ್ಕೆ ಕೊಳ್ಳುವುದು. ಕೈಗೆ ಬರುವುದು 40 ಗುಣಿಸು 65, 2,600 ರೂಪಾಯಿ. ಗರಿಷ್ಠ ನಷ್ಟ 160 ಗುಣಿಸು 65, 10,400. ಗೆಲುವು ಜಾಸ್ತಿ ಸಲ ಬರುತ್ತದೆ, ಆದರೆ ಒಂದು ಪೂರ್ತಿ ಸೋಲು ನಾಲ್ಕು ಗೆಲುವನ್ನು ನುಂಗುತ್ತದೆ. "ತಿಂಗಳಿಗೆ ಇಷ್ಟು ಖಚಿತ" ಎಂದು ಮಾರುವವರು ಹೇಳದೇ ಬಿಡುವ ಭಾಗ ಇದು. ಮೊದಲ ಎರಡರಲ್ಲಿ ಕೈ ಪಳಗಿದ ಮೇಲೆ, ಬಂಡವಾಳವೂ ಅಷ್ಟು ಇದ್ದರೆ ಮಾತ್ರ ಇದಕ್ಕೆ ಬನ್ನಿ. ಐರನ್ ಕಾಂಡರ್ ಅಂದರೆ ಇಂಥ ಎರಡು ಸ್ಪ್ರೆಡ್, ಮೇಲೊಂದು ಕೆಳಗೊಂದು. ಅದು ಇನ್ನೂ ಆಮೇಲೆ.

ಕವರ್ಡ್ ಕಾಲ್, ಅಂದರೆ ಕೈಯಲ್ಲಿರುವ ಷೇರಿನ ಮೇಲೆ ಕಾಲ್ ಮಾರುವುದು, ಬಹಳ ಪುಸ್ತಕಗಳಲ್ಲಿ ಮೊದಲು ಬರುತ್ತದೆ. ನಮ್ಮಲ್ಲಿ ಅದಕ್ಕೆ ಒಂದೇ ಕಂಪನಿಯ ಇಡೀ ಲಾಟ್ ಷೇರು ಬೇಕು, ಅಂದರೆ ಹಲವು ಲಕ್ಷ. ಅಷ್ಟು ಷೇರು ಈಗಾಗಲೇ ಇದ್ದವರಿಗೆ ಸರಿ, ಉಳಿದವರು ಅದಕ್ಕಾಗಿಯೇ ಷೇರು ಕೊಳ್ಳಲು ಹೋಗಬೇಡಿ.

ರಕ್ಷಣೆ ಇಲ್ಲದೆ ಬರೀ ಕಾಲ್ ಅಥವಾ ಪುಟ್ ಮಾರುವುದು ಈ ಪಟ್ಟಿಯಲ್ಲೇ ಇಲ್ಲ. 2024ರ ಜೂನ್ 3ರಂದು, ಎಕ್ಸಿಟ್ ಪೋಲ್ ನಂತರ, ನಿಫ್ಟಿ ಶೇ. 3ಕ್ಕಿಂತ ಜಾಸ್ತಿ ಏರಿತು. ಮರುದಿನ ಮತ ಎಣಿಕೆ, ಹೆಚ್ಚುಕಡಿಮೆ ಶೇ. 6 ಬಿತ್ತು. ಏರಿದ ಖುಷಿಯಲ್ಲಿ ಬರೀ ಪುಟ್ ಮಾರಿ ಮಲಗಿದವರ ಸ್ಥಿತಿ ಯೋಚಿಸಿ. ಕೆಳಗೊಂದು ಪುಟ್ ಕೊಂಡಿದ್ದವರಿಗೆ ನಷ್ಟ ಎಷ್ಟೆಂದು ಮೊದಲೇ ಗೊತ್ತಿತ್ತು.

## ಹಂತ 8: ಆರ್ಡರ್ ಹಾಕುವ ಕ್ರಮ

ಸ್ಪ್ರೆಡ್ ಒಳಗೆ ಹೋಗುವಾಗ ಮೊದಲು ಕೊಳ್ಳಿ, ಆಮೇಲೆ ಮಾರಿ. ಹೊರಬರುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಿ, ಆಮೇಲೆ ಕೊಂಡದ್ದನ್ನು ಮಾರಿ. ಇದನ್ನು ಚೀಟಿಯಲ್ಲಿ ಬರೆದು ಸ್ಕ್ರೀನ್ ಪಕ್ಕ ಅಂಟಿಸಿದರೂ ತಪ್ಪಿಲ್ಲ.

ಕೊಂಡ ಆಪ್ಷನ್ ಕೈಯಲ್ಲಿದ್ದಾಗ ಮಾರುವುದಕ್ಕೆ ಮಾರ್ಜಿನ್ ಬಹಳ ಕಡಿಮೆ ಸಾಕು. ಅದನ್ನು ಮೊದಲೇ ಮಾರಿಬಿಟ್ಟರೆ ಉಳಿದದ್ದು ಬರೀ ಮಾರಿದ ಆಪ್ಷನ್. ಆ ಕ್ಷಣದಲ್ಲಿ ನಿಫ್ಟಿಯ ಒಂದು ಲಾಟ್‌ಗೆ ಲಕ್ಷಕ್ಕೂ ಮೀರಿ ಮಾರ್ಜಿನ್ ಬೇಕಾಗುತ್ತದೆ. ಖಾತೆಯಲ್ಲಿ ಅಷ್ಟು ಇಲ್ಲದಿದ್ದರೆ ದಂಡ ಬೀಳಬಹುದು, ಜೊತೆಗೆ ಮಿತಿಯಿಲ್ಲದ ನಷ್ಟದ ಅಪಾಯ. ಎರಡರಲ್ಲಿ ಲಾಭದಲ್ಲಿರುವ ಆಪ್ಷನ್ ಹಸಿರಾಗಿ ಕಾಣುತ್ತದೆ, ಕೈ ತಾನಾಗಿ ಅದನ್ನೇ ಒತ್ತುತ್ತದೆ. ಅಲ್ಲೇ ತಪ್ಪಾಗುವುದು.

ಆರ್ಡರ್ ಯಾವಾಗಲೂ ಲಿಮಿಟ್ (ಬೆಲೆ ನೀವೇ ಹೇಳುವುದು) ಇರಲಿ, ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ) ಬೇಡ. ಬೆಳಗ್ಗೆ 9.15ರಿಂದ ಮೊದಲ ಕಾಲು ಗಂಟೆ ಬೆಲೆಗಳು ಹಾರಾಡುತ್ತಿರುತ್ತವೆ, ಹೊಸಬರು ಅದು ಕಳೆಯಲಿ ಎಂದು ಕಾಯುವುದು ಒಳ್ಳೆಯದು.

ಆರ್ಡರ್ ಹಾಕುವ ಮೊದಲು ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯಿರಿ: ಯಾಕೆ ಹಾಕುತ್ತಿದ್ದೇನೆ, ಗರಿಷ್ಠ ನಷ್ಟ ರೂಪಾಯಿಯಲ್ಲಿ ಎಷ್ಟು, ಎಷ್ಟು ಲಾಭ ಬಂದರೆ ಹೊರಬರುತ್ತೇನೆ, ಯಾವ ದಿನಾಂಕಕ್ಕೆ ಏನೇ ಆದರೂ ಹೊರಬರುತ್ತೇನೆ. ನನ್ನ ಲೆಕ್ಕದಲ್ಲಿ ಹಾಕಿದ ದುಡ್ಡಿನ ಅರ್ಧ ಹೋದಾಗ ಹೊರಬರುವುದು, ಗರಿಷ್ಠ ಲಾಭದ ಮುಕ್ಕಾಲು ಭಾಗ ಬಂದಾಗ ಹೊರಬರುವುದು ಹೊಸಬರಿಗೆ ಸರಿಹೊಂದುತ್ತದೆ. ಕೊನೆಯ ನೂರು ರೂಪಾಯಿಗಾಗಿ ಎಕ್ಸ್‌ಪೈರಿ ದಿನದವರೆಗೆ ಕೂರಬೇಡಿ. ಮೊದಲ ಕೆಲವು ತಿಂಗಳು ವಾರದ ಆಪ್ಷನ್ ಬಿಟ್ಟು ತಿಂಗಳ ಎಕ್ಸ್‌ಪೈರಿಯದ್ದನ್ನೇ ತೆಗೆದುಕೊಳ್ಳಿ. ಪ್ರೀಮಿಯಂ ಜಾಸ್ತಿ ಇರುತ್ತದೆ, ಆದರೆ ತಪ್ಪು ಅರ್ಥಮಾಡಿಕೊಳ್ಳಲು ಸಮಯ ಸಿಗುತ್ತದೆ.

## ಹಂತ 9: ಕಂಪನಿ ಷೇರಿನ ಆಪ್ಷನ್ ಮುಟ್ಟುವ ಮೊದಲು

ನಿಫ್ಟಿ ಆಪ್ಷನ್ ದುಡ್ಡಿನಲ್ಲಿ ಚುಕ್ತಾ ಆಗುತ್ತದೆ. ಕಂಪನಿ ಷೇರಿನ ಆಪ್ಷನ್ ಹಾಗಲ್ಲ, ಷೇರನ್ನೇ ಕೊಟ್ಟು ತೆಗೆದುಕೊಳ್ಳಬೇಕು. ಉದಾಹರಣೆಗೆ 500 ರೂಪಾಯಿ ಸ್ಟ್ರೈಕ್, 1,000 ಷೇರಿನ ಲಾಟ್, ಕಾಲ್ 8 ರೂಪಾಯಿಗೆ ಕೊಂಡಿರಿ. ಖರ್ಚು 8,000. ಎಕ್ಸ್‌ಪೈರಿ ದಿನ ಷೇರು 503ರಲ್ಲಿ ಮುಗಿಯಿತು. ಈಗ ನೀವು 5 ಲಕ್ಷ ಕೊಟ್ಟು ಷೇರು ತೆಗೆದುಕೊಳ್ಳಬೇಕು. ಪುಟ್ ಕೊಂಡಿದ್ದರೆ ಷೇರು ಕೊಡಬೇಕು, ಇಲ್ಲದಿದ್ದರೆ ಎಕ್ಸ್‌ಚೇಂಜ್ ಹರಾಜಿನಲ್ಲಿ ಆ ಷೇರು ಕೊಳ್ಳುವ ನಷ್ಟ ನಿಮ್ಮ ತಲೆಗೆ.

ಎಕ್ಸ್‌ಪೈರಿಗೆ ಮುಂಚಿನ ನಾಲ್ಕು ದಿನಗಳಲ್ಲಿ ಮಾರ್ಜಿನ್ ಕೂಡ ದಿನದಿನಕ್ಕೆ ಏರುತ್ತದೆ. ಬ್ರೋಕರ್‌ನಿಂದ "ಫಿಸಿಕಲ್ ಡೆಲಿವರಿ" ಎಂಬ ಮೆಸೇಜ್ ಬಂದರೆ ಅಂದೇ ಹೊರಬನ್ನಿ. ಇನ್ನೂ ಒಳ್ಳೆಯದು, ಕೊನೆಯ ವಾರಕ್ಕೆ ಮೊದಲೇ ಮುಗಿಸುವುದು.

## ಹಂತ 10: ನಿಲ್ಲಿಸಬೇಕಾದ ಸೂಚನೆಗಳು

ನಷ್ಟವಾದ ಅರ್ಧ ಗಂಟೆಯೊಳಗೆ ಅದಕ್ಕಿಂತ ದೊಡ್ಡ ಟ್ರೇಡ್ ಹಾಕುತ್ತಿದ್ದೀರಿ. ಮನೆಯವರಿಗೆ ಹೇಳದೆ ದುಡ್ಡು ವರ್ಗಾಯಿಸುತ್ತಿದ್ದೀರಿ. ಕೆಲಸದ ಮಧ್ಯೆ ಐದೈದು ನಿಮಿಷಕ್ಕೆ ಫೋನ್ ನೋಡುತ್ತಿದ್ದೀರಿ. ನೋಟ್‌ಬುಕ್ ಬರೆಯುವುದು ನಿಂತಿದೆ. ಇವುಗಳಲ್ಲಿ ಯಾವುದಾದರೂ ಒಂದು ನಿಜ ಎಂದಾದರೆ ಬ್ರೋಕರ್ ಆ್ಯಪ್‌ನಲ್ಲಿ ಸೆಗ್ಮೆಂಟ್ ಮುಚ್ಚಿ, ಒಂದು ತಿಂಗಳು ಬಿಡಿ. ತಿಂಗಳಿಗೆ ಬಂಡವಾಳದ ಶೇ. 6 ಹೋದರೂ ಆ ತಿಂಗಳಿಗೆ ಅಷ್ಟೇ.

ಹೊರಗಿನ ಸೂಚನೆಗಳೂ ಇವೆ. ಖಚಿತ ಲಾಭದ ಮಾತು, ಲಾಭದ ಸ್ಕ್ರೀನ್‌ಶಾಟ್ ತುಂಬಿದ ಟೆಲಿಗ್ರಾಂ ಗುಂಪು, "ನಿಮ್ಮ ಖಾತೆ ನಾವೇ ನಡೆಸ್ತೀವಿ, ಪಾಸ್‌ವರ್ಡ್ ಕೊಡಿ" ಎನ್ನುವವರು, ಪ್ಲೇಸ್ಟೋರ್ ಬಿಟ್ಟು ಲಿಂಕ್‌ನಲ್ಲಿ ಕಳಿಸುವ ಆ್ಯಪ್. ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ. ನೆಂಟರೇ ಹೇಳಿದ್ದು, ಪರಿಚಯದವರದೇ ಕ್ಲಾಸು ಎಂಬ ಕಾರಣಕ್ಕೆ ಇದನ್ನು ಬಿಡಬೇಡಿ, ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಪರಿಚಯದವರ ಮೂಲಕವೇ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೋಂದಾಯಿತ ಬ್ರೋಕರ್ ಮೇಲಿನ ದೂರಾದರೆ ಮೊದಲು ಬ್ರೋಕರ್‌ಗೇ ಬರೆದುಕೊಡಿ, ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ಗೆ ಹೋಗಿ.

## ಹಂತ 11: ತೆರಿಗೆ

ಆಪ್ಷನ್ಸ್‌ನ ಲಾಭ ನಷ್ಟವನ್ನು ವ್ಯಾಪಾರದ ಆದಾಯ ಎಂದು ತೋರಿಸಬೇಕು. ಪ್ರತಿವರ್ಷ ಐಟಿಆರ್ 1 ಹಾಕುವ ಸಂಬಳದಾರರು ಒಂದೇ ಒಂದು ಆಪ್ಷನ್ ಟ್ರೇಡ್ ಮಾಡಿದರೂ ಸಾಮಾನ್ಯವಾಗಿ ಐಟಿಆರ್ 3ಕ್ಕೆ ಹೋಗಬೇಕಾಗುತ್ತದೆ. ನಷ್ಟವಾಗಿದ್ದರೂ ತೋರಿಸಿ. ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿದರೆ ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ತಡವಾದರೆ ಆ ಹಕ್ಕು ಹೋಗುತ್ತದೆ. ಆದರೆ ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ.

ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಅಂಡ್ ಎಲ್ ವರದಿಯನ್ನು ಏಪ್ರಿಲ್‌ನಲ್ಲೇ ಇಳಿಸಿಕೊಂಡು, ನಿಮ್ಮ ನೋಟ್‌ಬುಕ್ ಜೊತೆ ತಾಳೆ ನೋಡಿ, ಆಡಿಟರ್‌ಗೆ ಜೂನ್ ಒಳಗೆ ಕೊಡಿ. ಜುಲೈ ಕೊನೆಯ ವಾರದಲ್ಲಿ ಹೋದರೆ ಯಾವ ಆಡಿಟರ್‌ಗೂ ಕೂತು ನೋಡುವಷ್ಟು ಪುರುಸೊತ್ತು ಇರುವುದಿಲ್ಲ.